ಸ್ಕೋರ್ ಇಳಿದ್ರೆ ಗುಣ ಆಯ್ತು ಅಂತ ಬರೀಬಹುದಾ?

ಪ್ರಶ್ನೆ: ನಮಸ್ತೆ ಮೇಡಂ, ನಾನು ಉಡುಪಿ ಕಡೆ ಮನೆಭೇಟಿ ಮಾಡುವ ಫೀಲ್ಡ್ ವರ್ಕರ್. ಶಂಕರಪುರ ಹತ್ತಿರ ಒಬ್ಬರು ಅಕ್ಕ ಡಿಪ್ರೆಶನ್‌ಗೆ ಮಾತ್ರೆ ತೆಗೊಳ್ತಾ ಇದ್ದಾರೆ, ಪಿಎಚ್‌ಕ್ಯು-9 ಫಾರ್ಮಲ್ಲಿ (ಡಿಪ್ರೆಶನ್ ಎಷ್ಟಿದೆ ಅಂತ ಅಳೆಯುವ ಒಂಬತ್ತು ಪ್ರಶ್ನೆಗಳದ್ದು, ಸ್ಕೋರ್ ಹೆಚ್ಚಿದಷ್ಟು ಕಾಯಿಲೆ ಜಾಸ್ತಿ) ಮೊದಲು 17 ಇತ್ತು, ಒಂದೂವರೆ ತಿಂಗಳಾದ ಮೇಲೆ 8 ಬಂತು, ಸುಧಾರಣೆ ಅಂತ ಬರೆದು ಕಳಿಸಿದೆ. ಆದ್ರೆ ಮುಖದಲ್ಲಿ ಕಳೆಯೇ ಇಲ್ಲ, ಏನು ಕೇಳಿದ್ರೂ "ಅಡ್ಡಿಲ್ಲ" ಅಂತಾರೆ ಅಷ್ಟೇ. ಸ್ಕೋರ್ ನಂಬುದಾ, ನನ್ನ ಕಣ್ಣು ನಂಬುದಾ?

ಉತ್ತರ (ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್, ಮಂಗಳೂರು): ಎರಡನೇ ಸಲ ಕೇಳುವಾಗ ಹತ್ತಿರ ಯಾರಿದ್ರು? ಯಾವ ಭಾಷೆಯಲ್ಲಿ ಕೇಳಿದ್ರಿ?

ಪ್ರಶ್ನೆ: ಅತ್ತೆ ಅಲ್ಲೇ ಜಗಲಿಯಲ್ಲಿ ಮಲ್ಲಿಗೆ ಕಟ್ತಾ ಕೂತಿದ್ರು ಮೇಡಂ. ತುಳುವಲ್ಲಿ ಕೇಳಿದೆ. ಮೊದಲನೇದು ಆಸ್ಪತ್ರೆಯಲ್ಲಿ, ಒಬ್ಬರೇ ಇದ್ರು, ಕನ್ನಡದಲ್ಲಿ.

ಉತ್ತರ: ಹಾಗಾದ್ರೆ ಆ 17ನ್ನೂ ಈ 8ನ್ನೂ ಪಕ್ಕಪಕ್ಕ ಇಡ್ಲಿಕ್ಕೆ ಆಗುದಿಲ್ಲ ತಂಗಿ. ಒಟ್ಟು 27ರ ಸ್ಕೋರಲ್ಲಿ 5 ಇಳಿದ್ರೂ ಅದು ನಿಜವಾದ ಬದಲಾವಣೆ ಅಂತ ಲೆಕ್ಕ, ನಿಮ್ಮಲ್ಲಿ 9 ಇಳಿದಿದೆ, ಆದ್ರೆ ಅತ್ತೆ ಎದುರು ಯಾವ ಸೊಸೆ "ಬದುಕುದೇ ಬೇಡ ಅನಿಸ್ತದೆ" ಅಂತ ಬಾಯಿಬಿಡ್ತಾಳೆ ಹೇಳಿ. ಬೇಗ ಇನ್ನೊಮ್ಮೆ ಹೋಗಿ, ಬಾವಿಕಟ್ಟೆ ಹತ್ತಿರವೋ ತೋಟದಲ್ಲೋ ಒಬ್ಬರನ್ನೇ ಕೂರಿಸಿ ಮಾತಾಡಿ, ಇನ್ನು ಮುಂದೆ ಪ್ರತಿ ಸಲ ಅದೇ ಭಾಷೆಯಲ್ಲೇ ಕೇಳಿ. "ಹೇಗಿದ್ದೀರಿ" ಅಂದ್ರೆ ನಮ್ಮೂರಲ್ಲಿ ಯಾರೂ "ಅಡ್ಡಿಲ್ಲ" ಬಿಟ್ಟು ಬೇರೆ ಹೇಳುದಿಲ್ಲ. ಫಾರ್ಮ್ ಕೇಳುದು ಎರಡು ವಾರದಲ್ಲಿ ಎಷ್ಟು ದಿನ ಅಂತ, ನೀವೂ ದಿನದ ಲೆಕ್ಕದಲ್ಲೇ ಕೇಳಿ, ಎಷ್ಟು ರಾತ್ರಿ ನಿದ್ರೆ ಬರ್ಲಿಲ್ಲ, ಎಷ್ಟು ದಿನ ಊಟ ಸೇರ್ಲಿಲ್ಲ.

ಒಂಬತ್ತನೇ ಪ್ರಶ್ನೆಯನ್ನು ಮಾತ್ರ ಟೋಟಲ್ ಒಳಗೆ ಮುಳುಗಿಸ್ಬೇಡಿ, ಸಾಯುವ ಯೋಚನೆಯದ್ದು ಅದು. ಟೋಟಲ್ 8 ಇರಲಿ 4 ಇರಲಿ, ಅಲ್ಲಿ ಸೊನ್ನೆ ಅಲ್ಲದಿದ್ರೆ ಅಲ್ಲೇ ಕೂತು ನೇರವಾಗಿ ಕೇಳಿ, ಅವತ್ತೇ ಡಾಕ್ಟ್ರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಅವರಿಗೆ ಬರೆದು ಕೊಡಿ, ರಾತ್ರಿಯೂ ಮಾತಾಡ್ತಾರೆ, ದುಡ್ಡಿಲ್ಲ.

ಇನ್ನೊಂದು, ಆ ಅಕ್ಕನೂ ಹೂ ಕಟ್ತಿದ್ರಾ?

ಪ್ರಶ್ನೆ: ಹೌದು, ಹುಷಾರಿರುವಾಗ ದಿನಕ್ಕೆ ಎರಡು ಚೆಂಡು ಕಟ್ತಿದ್ರಂತೆ. ಈಗ ಮುಟ್ಟುದಿಲ್ಲ.

ಉತ್ತರ: ನಿಮ್ಮ ಕಣ್ಣು ನೋಡಿದ್ದು ಅದನ್ನೇ. ಒಂದು ಚೆಂಡು ಅಂದ್ರೆ 800 ಹೂ, ಬಾಳೆನಾರಲ್ಲಿ ಒಂದೊಂದೇ ಮೊಗ್ಗು ಜೋಡಿಸಿ ಕಟ್ಲಿಕ್ಕೆ ಮನಸ್ಸು ಒಂದು ಕಡೆ ನಿಲ್ಬೇಕು, ಬೆರಳು ಓಡ್ಬೇಕು, ಹೂ ಕೊಂಡೋಗುವವರು ಬರುವ ಮೊದಲು ಮುಗಿಸುವ ಉಮೇದೂ ಬೇಕು. ಡಿಪ್ರೆಶನ್ ಕಸಿದುಕೊಳ್ಳುದು ಇದೇ ಮೂರನ್ನು. ಅವರಿಗೆ ಪುನಃ ಕಟ್ಬೇಕು ಅಂತ ಆಸೆ ಉಂಟಾ ಕೇಳಿ, ಇದ್ರೆ ಅದನ್ನೇ ಗುರಿ ಅಂತ ಅವರದ್ದೇ ಮಾತಲ್ಲಿ ಬರ್ಕೊಳ್ಳಿ, ಕಾಲು ಚೆಂಡಿಂದ ಶುರುವಾಗ್ಲಿ. ಆಸೆ ಬೇರೆ ಏನಾದ್ರೂ ಇದ್ರೆ ಅದು, ನಮ್ಮ ಗುರಿ ಹೇರುದು ಬೇಡ. ಮಳೆಗಾಲದಲ್ಲಿ ಗಿಡದಲ್ಲೇ ಹೂ ಕಮ್ಮಿ, ಆಗ ಲೆಕ್ಕ ಇಳಿದ್ರೆ ಕಾಯಿಲೆ ತಿರುಗಿ ಬಂತು ಅಂತ ಹೆದರ್ಬೇಡಿ, ಮನೆಯಲ್ಲಿ ಬೇರೆಯವರು ಎಷ್ಟು ಕಟ್ಟಿದ್ರು ಕೇಳಿ.

ಪ್ರಶ್ನೆ: ಕಳಿಸಿದ ರಿಪೋರ್ಟ್ ಏನು ಮಾಡುದು ಮೇಡಂ, ಬೈತಾರೇನೋ.

ಉತ್ತರ: ಬೈದ್ರೂ ತಿದ್ದಿ ಕಳಿಸಿ. "8, ಅತ್ತೆ ಎದುರು ಕೇಳಿದ್ದು, ಮತ್ತೆ ಕೇಳ್ಬೇಕು" ಅಂತ ಬರೆದ್ರೆ ಸಾಕು. ಸುಧಾರಣೆ ಅಂತ ನೋಡಿ ಡಾಕ್ಟ್ರು ಮಾತ್ರೆ ಕಮ್ಮಿ ಮಾಡಿದ್ರೆ ಕಷ್ಟ ಆ ಅಕ್ಕನಿಗೆ.