ರಾತ್ರಿ 2.40ಕ್ಕೆ ತೆರೆದ ಬಾಗಿಲು: ಕ್ಲೌಡ್ ಫೈರ್‌ವಾಲ್ ಪ್ರಶ್ನೋತ್ತರ

ರಾತ್ರಿಪಾಳಿ: ಮೇಡಂ, ನಮ್ಮ ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಖಾತೆಯ ಒಂದು ಸೆಕ್ಯುರಿಟಿ ಗ್ರೂಪಿನಲ್ಲಿ (ಫೈರ್‌ವಾಲ್ ನಿಯಮಗಳ ಪಟ್ಟಿ) ನಿನ್ನೆ ರಾತ್ರಿ 2.40ಕ್ಕೆ 3389 ಪೋರ್ಟ್ (ವಿಂಡೋಸ್ ಯಂತ್ರವನ್ನು ದೂರದಿಂದ ನಡೆಸುವ ದಾರಿ) ತೆರೆದಿದೆ, ಅದೂ ಗುರುತಿಲ್ಲದ ಒಂದೇ ಐಪಿಗೆ. 11 ನಿಮಿಷಕ್ಕೆ ಮುಚ್ಚಿಯೂ ಇದೆ. ತಂಡದಲ್ಲಿ ಎಲ್ಲರೂ ‘ನಾನಲ್ಲ’ ಎನ್ನುತ್ತಿದ್ದಾರೆ. ಮುಚ್ಚಿದೆಯಲ್ಲ, ಬಿಟ್ಟುಬಿಡಬಹುದೇ?

ಭದ್ರತಾ ಎಂಜಿನಿಯರ್: ಬಿಡಬೇಡಿ. 0.0.0.0/0 ಎಂದು ಊರಿಗೆಲ್ಲ ಬಾಗಿಲು ತೆರೆದು ಮರೆಯುವವರು ಸಾಮಾನ್ಯವಾಗಿ ನಮ್ಮವರೇ. ಒಂದೇ /32 ವಿಳಾಸಕ್ಕೆ ತೆರೆದು, ಮುಚ್ಚಿಕೊಂಡು ಹೋದವರ ಬಗ್ಗೆ ನನಗೆ ದಿಗಿಲು. 0.0.0.0/0 ಹುಡುಕುವ ಎಚ್ಚರಿಕೆ ಇವರನ್ನು ಹಿಡಿಯುವುದೇ ಇಲ್ಲ.

ಖಾತೆಯಲ್ಲಿ ಯಾರು ಏನು ಮಾಡಿದರೆಂದು ಬರೆದಿಡುವ ಕ್ಲೌಡ್‌ಟ್ರೇಲ್‌ನಲ್ಲಿ, ಬಾಗಿಲು ತೆರೆದ ‘ಆಥರೈಸ್ ಸೆಕ್ಯುರಿಟಿ ಗ್ರೂಪ್ ಇನ್‌ಗ್ರೆಸ್’ ಮತ್ತು ಅದರ ಜೋಡಿ, ಮುಚ್ಚಿದ ‘ರಿವೋಕ್’ ನಮೂದುಗಳನ್ನು ತೆಗೆಯಿರಿ. ಎರಡಕ್ಕೂ ಒಂದೇ ಆಕ್ಸೆಸ್ ಕೀ (ಖಾತೆಗೆ ಆಜ್ಞೆ ಕೊಡಲು ಬಳಸುವ ಗುರುತು) ಬಳಕೆಯಾಗಿದೆಯೇ? ಎಕೆಐಎ ಎಂದು ಆರಂಭವಾದರೆ ದೀರ್ಘಾವಧಿಯ ಕೀ, ಎಲ್ಲೋ ಸೋರಿರಬಹುದು. ಎಎಸ್‌ಐಎ ಆದರೆ ತಾತ್ಕಾಲಿಕ, ಯಾವ ರೋಲ್‌ನಿಂದ (ತಾತ್ಕಾಲಿಕ ಅಧಿಕಾರ ಕೊಡುವ ಗುರುತು) ಬಂತೆಂದು ಹಿಂದೆ ಹೋಗಿ. ಯೂಸರ್ ಏಜೆಂಟ್, ಅಂದರೆ ಯಾವ ಸಾಧನದಿಂದ ಆಜ್ಞೆ ಬಂತೆಂಬುದನ್ನು ನೋಡಿ. ಎಲ್ಲವನ್ನೂ ಟೆರಾಫಾರ್ಮ್‌ನಲ್ಲಿ (ಕೋಡ್ ಬರೆದು ಕ್ಲೌಡ್ ನಡೆಸುವ ಸಾಧನ) ಮಾಡುವ ಮನೆಯಲ್ಲಿ ಬೋಟೋ3 (ಎಡಬ್ಲ್ಯೂಎಸ್‌ನ ಪೈಥಾನ್ ಲೈಬ್ರರಿ) ಕಂಡರೆ ಹೊರಗಿನವರ ಕೈ ಇರಬಹುದು. ಅದೇ ಕೀ ಆ ರಾತ್ರಿ ಹೊಸ ಬಳಕೆದಾರನನ್ನು ಸೃಷ್ಟಿಸಿದೆಯೇ, ದಾಖಲೆ ನಿಲ್ಲಿಸುವ ‘ಸ್ಟಾಪ್ ಲಾಗಿಂಗ್’ ಕರೆದಿದೆಯೇ ಎಂಬುದನ್ನೂ ನೋಡಿ.

ಮುಖ್ಯ ವಿಷಯ: ಇಂತಹ ನಿಯಮ ಅಳಿಸಿದರೂ ಆಗಲೇ ಕೂಡಿಕೊಂಡ ಸಂಪರ್ಕ ತಕ್ಷಣ ಕಡಿಯುವುದಿಲ್ಲ. ಬಂದವರು ಇನ್ನೂ ಒಳಗೆ ಕುಳಿತಿರಬಹುದು. ಯಂತ್ರವನ್ನು ರೀಬೂಟ್ ಮಾಡಬೇಡಿ, ಮೆಮೊರಿಯಲ್ಲಿರುವ ಸಾಕ್ಷ್ಯ ಹೋಗುತ್ತದೆ.

ಹೊಸ ಸದಸ್ಯ: ಮೈಕ್ರೋಸಾಫ್ಟ್ ಕ್ಲೌಡ್ ಅಜೂರ್‌ನಲ್ಲಿ ಇದನ್ನು ಎಲ್ಲಿ ನೋಡುವುದು?

ಭದ್ರತಾ ಎಂಜಿನಿಯರ್: ಆಕ್ಟಿವಿಟಿ ಲಾಗ್. 90 ದಿನ ಇರುತ್ತದೆ.

ಮೋಡಗಣ್ಣು: ಗೂಗಲ್ ಕ್ಲೌಡ್‌ನಲ್ಲಿ?

ಭದ್ರತಾ ಎಂಜಿನಿಯರ್: ಅಡ್ಮಿನ್ ಆಕ್ಟಿವಿಟಿ ಆಡಿಟ್ ಲಾಗ್. 400 ದಿನ.

ಸುಲಭೋಪಾಯ: ಫಾರ್ವರ್ಡ್ ಆಗಿ ಬಂದದ್ದು: ‘ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಪೋರ್ಟ್ 22ರಿಂದ 2222ಕ್ಕೆ ಬದಲಿಸಿ, ಈ ಸ್ಕ್ರಿಪ್ಟ್‌ಗೆ ಅಡ್ಮಿನ್ ಕೀ ಕೊಡಿ, ತೆರೆದ ನಿಯಮಗಳೆಲ್ಲ ತಾವಾಗಿಯೇ ಮುಚ್ಚುತ್ತವೆ.’

ಭದ್ರತಾ ಎಂಜಿನಿಯರ್: ಪೋರ್ಟ್ ಬದಲಿಸಿದರೆ ಲಾಗ್‌ನ ಗದ್ದಲ ಕಡಿಮೆಯಾದೀತು, ಹುಡುಕಿಕೊಂಡು ಬಂದವರಿಗೆ ಅದು ತಡೆಯಲ್ಲ. ಸ್ಕ್ರಿಪ್ಟ್ ಬರೆದವರು ಯಾರು? ಬೀಗ ಭದ್ರವಾಗಲಿ ಎಂದು ಬೀಗದ ಕೈಯನ್ನೇ ದಾರಿಹೋಕರಿಗೆ ಕೊಡುತ್ತೀರಾ? ಇಂತಹವನ್ನು ಇಲ್ಲಿ ಹಾಕಬೇಡಿ. ಮೂರನೆಯ ಸಲ ಹೇಳುತ್ತಿದ್ದೇನೆ.

ಹಳೆಹುಲಿ: ಕನ್ಸೋಲ್‌ನಿಂದ (ಕ್ಲೌಡ್‌ನ ವೆಬ್ ಪುಟ) ಯಾರೂ ನಿಯಮ ಮುಟ್ಟಬಾರದು, ಅಷ್ಟೇ. ಕೋಡ್‌ನಲ್ಲಿ ಇಲ್ಲದ ಬದಲಾವಣೆ ಕಂಡರೆ ಗಂಟೆ ಬಾರಿಸಬೇಕು.

ಕೋಡ್‌ಪ್ರಿಯ: ಸರ್ವರ್ ಬಿದ್ದ ರಾತ್ರಿ ನೀವು ಎಚ್ಚರವಿದ್ದು ಕೋಡ್ ಒಪ್ಪಿಗೆ ಕೊಡುತ್ತೀರಾ?

ಹಳೆಹುಲಿ: ನಿಮ್ಮಂತಹವರು ‘ತಾತ್ಕಾಲಿಕ’ ಎಂದು ತೆರೆದದ್ದನ್ನು ಮುಚ್ಚುತ್ತಲೇ ನನಗೆ ನರೆ ಬಂದಿದೆ.

ಮೋಡಗಣ್ಣು: ಊರಿಗೆಲ್ಲ ತೆರೆಯುವ ಐಪಿವಿ6ರ ::/0 ಕೂಡ ಎಚ್ಚರಿಕೆಗೆ ಸೇರಿಸಬೇಕೇ?

ಕೋಡ್‌ಪ್ರಿಯ: ವಯಸ್ಸಿನ ಮಾತು ಬಿಡಿ, ಕೇಳಿದ್ದಕ್ಕೆ ಉತ್ತರಿಸಿ.

ಮತ್ತೊಬ್ಬರು: ಅಜೂರ್‌ನಲ್ಲಿ ಎಲ್ಲಿ ನೋಡುವುದು?

ಭದ್ರತಾ ಎಂಜಿನಿಯರ್: ಮೇಲೆ ಓದಿ.

ರಾತ್ರಿಪಾಳಿ: ಮೇಡಂ, ಕೀ ಸಿಕ್ಕಿತು. ಎಕೆಐಎ. ಬಿಲ್ಡ್ ಸರ್ವರ್‌ನದು (ಕೋಡ್ ಜೋಡಿಸುವ ಯಂತ್ರ), ತಂಡದ ಎಲ್ಲರ ಲ್ಯಾಪ್‌ಟಾಪಿನಲ್ಲೂ ಇದೆ. ಲಾಗ್ ಇಲ್ಲಿಯೇ ಹಾಕಲೇ?

ಭದ್ರತಾ ಎಂಜಿನಿಯರ್: ಬೇಡ! ಕೀಯನ್ನು ಈಗಲೇ ನಿಷ್ಕ್ರಿಯಗೊಳಿಸಿ, ಅಳಿಸಬೇಡಿ. ಯಂತ್ರವನ್ನು ಜಾಲದಿಂದ ಬೇರ್ಪಡಿಸಿ, ಡಿಸ್ಕಿನ ಸ್ನ್ಯಾಪ್‌ಶಾಟ್ (ಈ ಕ್ಷಣದ ನಕಲು) ತೆಗೆಯಿರಿ. ಆಮೇಲೆ ನನಗೆ ಕರೆ ಮಾಡಿ.