ಹಳೇ ಕಾರಿನಲ್ಲಿ ಪೆಟ್ರೋಲ್ ವಾಸನೆ, ಸಹಾಯ ಬೇಕು

ಕಾರ್ಬ್ಯುರೇಟರ್ ಇರುವ ಹಳೇ ಕಾರು. ಟ್ಯಾಂಕ್ ಫುಲ್ ಮಾಡಿಸಿದಾಗೆಲ್ಲ ಹಿಂದಿನ ಸೀಟಿನ ಕಡೆಯಿಂದ ಘಮ್ ಅಂತ ಪೆಟ್ರೋಲ್ ವಾಸನೆ. ಅರ್ಧಕ್ಕಿಳಿದರೆ ಮಾಯ! ಬಾನೆಟ್ ಒಳಗೆ ಪಂಪ್, ಫಿಲ್ಟರ್, ಪೈಪು ಎಲ್ಲ ಒಣಗಿವೆ, ನೆಲದ ಮೇಲೂ ಹನಿ ಇಲ್ಲ. ಹಾಗಾಗಿ ನನಗೆ ಅನುಮಾನ ಇರೋದು ಟ್ಯಾಂಕಿನ ಮೇಲ್ಭಾಗದ ಮೇಲೆ: ಫ್ಯುಯೆಲ್ ಗೇಜ್ ಫ್ಲೋಟ್ (ಪೆಟ್ರೋಲ್ ಮಟ್ಟ ಅಳೆಯೋ ತೇಲುವ ಭಾಗ) ಕೂರುವ ಜಾಗದ ರಬ್ಬರ್ ವಾಷರ್, ಪೆಟ್ರೋಲ್ ತುಂಬುವ ಬಾಯಿಂದ ಟ್ಯಾಂಕಿಗೆ ಹೋಗುವ ಹೋಸ್, ಇಲ್ಲವೇ ಆವಿ ಹೋಗುವ ಸಣ್ಣ ಪೈಪ್.

"ಹಳೇ ಗಾಡಿ ಅಂದ್ಮೇಲೆ ವಾಸನೆ ಇದ್ದಿದ್ದೇ" ಅಂತಾರೆ ಮೆಕ್ಯಾನಿಕ್. ಬೆಂಕಿಯ ವಿಷಯ, ಹಾಗೆ ಬಿಡೋಕಾಗುತ್ತಾ?

ಟ್ಯಾಂಕ್ ಇಳಿಸದೆ ಎಲ್ಲಿಂದ ಅಂತ ಪತ್ತೆ ಹಚ್ಚೋದು ಹೇಗೆ? ಎಥನಾಲ್ ಬೆರೆತ ಪೆಟ್ರೋಲಿಗೆ ಎಸ್‌ಎಇ ಜೆ30 ಆರ್9 (ಇಂಧನದ ರಬ್ಬರ್ ಹೋಸ್‌ಗಳ ಒಂದು ದರ್ಜೆ) ಹೋಸ್ ಸಾಕೇ? ಇದೇ ಕೆಲಸ ಮಾಡಿಸಿದವರು ದಯವಿಟ್ಟು ಹೇಳಿ.