ಕ್ಯಾನ್ಸರ್ ಕಿಣ್ವಗಳು ಮತ್ತು ‘ಪ್ರಾಗ್ನೋಸಿಸ್’: ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಕ್ಯಾನ್ಸರ್ ರೋಗಿಗಳ ಕೈಪಿಡಿ ತಯಾರಾಗುತ್ತಿದೆ. ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಬರುವವರೂ ಅದನ್ನು ಓದಬೇಕು. ಭಾಷೆ ನೋಡುವ ಕೆಲಸ ನನ್ನದು. ರಕ್ತಪರೀಕ್ಷೆಯ ಪುಟದಲ್ಲಿ ‘ಪ್ರಾಗ್ನೋಸಿಸ್’ (ಬಂದ ಕಾಯಿಲೆ ಮುಂದೆ ಹೇಗೆ ಸಾಗಬಹುದು ಅನ್ನುವ ಅಂದಾಜು) ಅನ್ನುವ ಒಂದು ಪದ ಎರಡು ವಾರದಿಂದ ತಲೆ ತಿನ್ನುತ್ತಿದೆ.

ಕರಡಿನಲ್ಲಿ ಬಂದ ವಾಕ್ಯ ಇದು: ‘ಎಲ್‌ಡಿಎಚ್ ಎಂಬ ಕಿಣ್ವವು ಕ್ಯಾನ್ಸರಿನ ಮುನ್ಸೂಚಕ.’ ಓದಿದವರು ಏನು ತಿಳಿಯುತ್ತಾರೆ? ಎಲ್‌ಡಿಎಚ್ ಜಾಸ್ತಿ ಇದ್ದರೆ ಮುಂದೆ ಕ್ಯಾನ್ಸರ್ ಬರುತ್ತದೆ ಅಂತ. ಮಳೆಯ ಮುನ್ಸೂಚನೆ ಅಂದರೆ ಮಳೆ ಇನ್ನೂ ಬಂದಿಲ್ಲ, ಅಲ್ವಾ? ಇಲ್ಲಿ ಕಾಯಿಲೆ ಆಗಲೇ ಬಂದು ಕೂತಿದೆ. ಅದು ಮುಂದೆ ಯಾವ ದಾರಿ ಹಿಡಿಯಬಹುದು ಅನ್ನುವುದಷ್ಟೇ ಪ್ರಶ್ನೆ.

ಎಲ್‌ಡಿಎಚ್, ಅಂದರೆ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್, ಎಲ್ಲರ ಮೈಯಲ್ಲೂ ಇರುವಂಥದ್ದೇ. ಸಕ್ಕರೆ ಒಡೆದಾಗ ಸಿಗುವ ಪೈರುವೇಟನ್ನು ಅದು ಲ್ಯಾಕ್ಟೇಟ್ ಮಾಡುತ್ತದೆ. ಆಮ್ಲಜನಕ ಸಾಲದಾಗ ಈ ಕೆಲಸ ಹೆಚ್ಚುತ್ತದೆ. ಎಷ್ಟೋ ಕ್ಯಾನ್ಸರ್ ಕೋಶಗಳು ಆಮ್ಲಜನಕ ಇದ್ದರೂ ಇದೇ ದಾರಿ ಹಿಡಿಯುತ್ತವೆ. 1920ರ ದಶಕದಲ್ಲಿ ಜರ್ಮನ್ ವಿಜ್ಞಾನಿ ಒಟ್ಟೋ ವಾರ್ಬರ್ಗ್ ಇದನ್ನು ಗುರುತಿಸಿದರು. ಕೋಶಗಳು ಸತ್ತು ಒಡೆದಾಗ ಕಿಣ್ವ ರಕ್ತಕ್ಕೆ ಸೇರುತ್ತದೆ. ಅದಕ್ಕೇ ಕೆಲವು ಲಿಂಫೋಮಾಗಳಲ್ಲಿ (ದುಗ್ಧಗ್ರಂಥಿ ವ್ಯವಸ್ಥೆಯ ಕ್ಯಾನ್ಸರ್) ಪ್ರಾಗ್ನೋಸಿಸ್ ಅಂದಾಜಿಸಲು 1993ರಿಂದ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಸೂಚ್ಯಂಕದ 5 ಅಂಶಗಳಲ್ಲಿ ಎಲ್‌ಡಿಎಚ್ ಕೂಡ ಒಂದು. ಉಳಿದವು ವಯಸ್ಸು, ಕಾಯಿಲೆಯ ಹಂತ, ರೋಗಿ ಎಷ್ಟು ಓಡಾಡಿಕೊಂಡಿದ್ದಾರೆ ಅನ್ನುವುದು ಮತ್ತು ದುಗ್ಧಗ್ರಂಥಿಗಳ ಹೊರಗೆ ಎಷ್ಟು ಕಡೆ ಹಬ್ಬಿದೆ ಅನ್ನುವುದು.

ಎಲ್‌ಡಿಎಚ್ ಒಂದನ್ನೇ ನೋಡಿ ಏನೂ ಹೇಳುವಂತಿಲ್ಲ. ಲಿವರ್ ತೊಂದರೆ ಇದ್ದರೂ, ಸ್ನಾಯುವಿಗೆ ಪೆಟ್ಟು ಬಿದ್ದರೂ ಅದು ಏರುತ್ತದೆ. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೂ ಅಷ್ಟೇ. ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ, ಹಳದಿ ಇರಬೇಕಾದ ನೀರು, ಅಂದರೆ ಸೀರಂ, ಕೆಂಪಗೆ ಕಂಡರೆ ಲ್ಯಾಬಿನವರು ಇನ್ನೊಂದು ಸ್ಯಾಂಪಲ್ ಕೇಳುತ್ತಾರೆ. ಇಂಥದ್ದಕ್ಕೆ ‘ಭವಿಷ್ಯಸೂಚಕ’ ಅಂದರೆ ಸುಮ್ನೆ ಜಾತಕದ ವಾಸನೆ.

ಗೆಳೆಯರೊಬ್ಬರು ‘ಅಪಾಯಸೂಚಕ’ ಅಂದರು. ಎಲ್‌ಡಿಎಚ್‌ಗೆ ಹೇಗೋ ನಡೆದೀತು, ಐಡಿಎಚ್‌ಗೆ ನಡೆಯದು. ಐಸೋಸಿಟ್ರೇಟ್ ಡಿಹೈಡ್ರೋಜಿನೇಸ್ ಎಂಬ ಈ ಕಿಣ್ವದ ಜೀನ್ ಮಿದುಳಿನ ಗ್ಲಯೋಮಾ ಗೆಡ್ಡೆಗಳಲ್ಲಿ ಬದಲಾಗಿರುವುದು 2008ರಲ್ಲಿ ಕಂಡುಬಂತು. ಗೆಡ್ಡೆಯಲ್ಲಿ ಈ ಜೀನ್ ಬದಲಾಗಿರುವ ರೋಗಿಗಳು, ಬದಲಾಗದವರಿಗಿಂತ ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ. ಕೆಟ್ಟ ಜೀನ್, ಆದರೆ ತಕ್ಕಮಟ್ಟಿಗೆ ಒಳ್ಳೆಯ ಸುದ್ದಿ! ನಮಗೆ ಬೇಕಾದ ಪದ ಎರಡೂ ಕಡೆಗೆ ಹೊಂದಬೇಕು.

ಆಯುರ್ವೇದದ ‘ಸಾಧ್ಯಾಸಾಧ್ಯತೆ’ ನನಗೆ ಇಷ್ಟ. ಅದರಲ್ಲಿ ಸುಖಸಾಧ್ಯ (ಸುಲಭವಾಗಿ ವಾಸಿಯಾಗುವುದು), ಕೃಚ್ಛ್ರಸಾಧ್ಯ (ಕಷ್ಟಪಟ್ಟು ವಾಸಿಯಾಗುವುದು), ಯಾಪ್ಯ, ಅಸಾಧ್ಯ ಅಂತ ನಾಲ್ಕು ಮೆಟ್ಟಿಲು. ಯಾಪ್ಯ ಅಂದರೆ ಪೂರ್ತಿ ವಾಸಿಯಾಗದ, ಆದರೆ ಚಿಕಿತ್ಸೆ ನಡೆಯುವ ತನಕ ಹತೋಟಿಯಲ್ಲಿರುವ ಕಾಯಿಲೆ. ಇವತ್ತಿನ ಎಷ್ಟೋ ಕ್ಯಾನ್ಸರ್‌ಗಳಿಗೆ ಇದಕ್ಕಿಂತ ಒಪ್ಪುವ ಪದ ಸಿಗಲಿಕ್ಕಿಲ್ಲ. ಆದರೆ ಕೈಪಿಡಿಯಲ್ಲಿ ‘ಅಸಾಧ್ಯ’ ಅಂತ ಅಚ್ಚಾದರೆ ಮನೆಯವರು ಅಲ್ಲೇ ಕೈಚೆಲ್ಲುತ್ತಾರೆ. ‘ಮುಂಗತಿ’ ಚುಟುಕಾಗಿದೆ, ಆದರೆ ‘ಮುಂದೇನು ಗತಿ’ ಅನ್ನುವ ಗೋಳು ಅದರೊಳಗೇ ಇದೆ. ‘ಮುನ್ನಡೆ’ ಅಂದರೆ ಮತ ಎಣಿಕೆ.

ಇಲ್ಲಿಯ ಮನೆಯವರು ಡಾಕ್ಟರನ್ನು ಕೇಳುವುದು ‘ಆರಾಮ ಆಗ್ತಾರೇನ್ರಿ? ಮುಂದ ಹೆಂಗ್ರಿ?’ ಅಂತ. ‘ಮುಂದ ಹೆಂಗ’ ಅನ್ನುವುದೇ ಪಕ್ಕಾ ಪ್ರಾಗ್ನೋಸಿಸ್. ಹಾಗಾಗಿ ಸದ್ಯಕ್ಕೆ ತಲೆಬರಹಕ್ಕೆ ‘ಕಾಯಿಲೆ ಮುಂದೆ ಹೇಗೆ?’ ಅಂತ ಇಟ್ಟು, ವಾಕ್ಯವನ್ನು ಬಿಡಿಸಿ ಬರೆದಿದ್ದೇನೆ: ‘ನಿಮ್ಮ ಕಾಯಿಲೆ ಮುಂದೆ ಹೇಗೆ ಸಾಗಬಹುದು ಎಂದು ಅಂದಾಜು ಮಾಡಲು ಡಾಕ್ಟರು ನೋಡುವ ಹಲವು ಸಂಗತಿಗಳಲ್ಲಿ ಎಲ್‌ಡಿಎಚ್ ಒಂದು.’ ಉದ್ದವಾಯಿತು, ಆದರೆ ತಪ್ಪು ಅರ್ಥ ಬರುವುದಿಲ್ಲ.

ಕೋಷ್ಟಕದ ಸಣ್ಣ ಮನೆಯಲ್ಲಿ ಇಷ್ಟುದ್ದ ಹಿಡಿಸುವುದಿಲ್ಲ. ಅಲ್ಲಿಗೆ ಒಂದೇ ಪದ ಬೇಕು. ಈ ಭಾಗದ ಹಳೆಯ ವೈದ್ಯರ ಮನೆಗಳಲ್ಲಿ ಇದಕ್ಕೆ ಬೇರೆ ಮಾತೇನಾದರೂ ಇತ್ತೇ? ಕೇಳಿದವರು, ಬಳಸಿದವರು ದಯವಿಟ್ಟು ಬಳಸಿದ ವಾಕ್ಯದ ಸಮೇತ ಬರೆಯಿರಿ.